ಅಪ್ಪನನ್ನು ಝ್ಲೀನ್‌ಗೆ ಕರೆದುಕೊಂಡು ಹೋಗಬಹುದಾ?

ತುಂಗಾತೀರದವಳು:

ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ಚೆಕ್ ದೇಶದ ಬ್ರ್ನೋದಲ್ಲಿದ್ದೇನೆ. ಸೆಪ್ಟೆಂಬರ್‌ನಲ್ಲಿ ಅಪ್ಪ ಮೊದಲ ಸಲ ಇಲ್ಲಿಗೆ ಬರುತ್ತಿದ್ದಾರೆ. ವಯಸ್ಸು 74. ಮಂಡಿ ನೋವಿದೆ, ಆದರೆ ನಿಧಾನಕ್ಕೆ ನಡೆಯುತ್ತಾರೆ.

ಅಪ್ಪ ಶಿವಮೊಗ್ಗದ ಬಾಟಾ ಅಂಗಡಿಯಲ್ಲಿ 29 ವರ್ಷ ಸೇಲ್ಸ್‌ಮನ್ ಆಗಿದ್ದವರು. ಗಿರಾಕಿ ಬಂದರೆ ತಗ್ಗು ಸ್ಟೂಲಿನ ಮೇಲೆ ಕೂತು ಕಾಲಿನ ಅಳತೆ ತೆಗೆಯುತ್ತಿದ್ದರು. ಶೂ ಹಾಕಿಸಿದ ಮೇಲೆ ಹೆಬ್ಬೆರಳ ತುದಿ ಎಲ್ಲಿಗೆ ಬಂದಿದೆ ಅಂತ ಒತ್ತಿ ನೋಡುತ್ತಿದ್ದರು. ಈಗಲೂ ಮನೆಗೆ ಯಾರಾದರೂ ಬಂದರೆ ಮುಖಕ್ಕಿಂತ ಮೊದಲು ಕಾಲು ನೋಡುತ್ತಾರೆ.

ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದೆ, ಬಾಟಾದಲ್ಲಿ ಯಾಕೆ ಯಾವಾಗಲೂ 99 ರೂಪಾಯಿ 95 ಪೈಸೆ ಅಂತ ಇರುತ್ತೆ, ನೂರು ಅಂತ ಬರೆದರೆ ಆಗಲ್ವಾ ಅಂತ. "ಅದು ಝ್ಲೀನ್‌ನವರ ಲೆಕ್ಕ ಮಗಳೇ" ಅಂದಿದ್ದರು. ಝ್ಲೀನ್ ಅಂದರೆ ಯಾರದೋ ಮನೆತನದ ಹೆಸರು ಅಂದುಕೊಂಡಿದ್ದೆ. ಅದು ಒಂದು ಊರು, ನಾನಿರುವ ಜಾಗದಿಂದ ಸುಮಾರು ನೂರು ಕಿಲೋಮೀಟರ್ ಅಂತ ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು.

ಆಫೀಸಿನವರು ಪ್ರಾಗ್ ತೋರಿಸು, ಚೆಸ್ಕಿ ಕ್ರುಮ್ಲೋವ್ ತೋರಿಸು ಅನ್ನುತ್ತಾರೆ. ಝ್ಲೀನ್‌ನಲ್ಲಿ ಏನಿದೆ, ಬರೀ ಫ್ಯಾಕ್ಟರಿ ಊರು ಅನ್ನುತ್ತಾರೆ. ಅಲ್ಲಿಗೆ ಹೋಗಿ ಬಂದವರು, ಅಲ್ಲಿ ಇರುವವರು ಯಾರಾದರೂ ಇದ್ದರೆ ಹೇಳಿ. ಅದು ಎಂಥ ಊರು? ಅಪ್ಪನಿಗೆ ಇಷ್ಟ ಆಗಬಹುದಾ?

ಪಯಣಿಗ82:

ಹೋಗಿದ್ದೇನೆ. ಜನವರಿಯ ಒಂದು ಭಾನುವಾರ. ನನಗಂತೂ ಇಷ್ಟ ಆಗಲಿಲ್ಲ. ಎಲ್ಲಿ ನೋಡಿದರೂ ಒಂದೇ ಥರದ ಕೆಂಪು ಇಟ್ಟಿಗೆ ಡಬ್ಬಿಗಳು. ಹಳೇ ಯುರೋಪಿನ ಕೋಟೆ, ಗಡಿಯಾರದ ಗೋಪುರ, ಕಲ್ಲು ಹಾಸಿನ ಬೀದಿ ಬೇಕು ಅಂದರೆ ಇದು ಆ ಊರಲ್ಲ. ಒಂದು ಕಂಪನಿ ತನ್ನ ಕೆಲಸಗಾರರು ಎಲ್ಲಿ ಮಲಗಬೇಕು, ಎಲ್ಲಿ ಸಿನಿಮಾ ನೋಡಬೇಕು ಅಂತೆಲ್ಲ ತಾನೇ ನಿರ್ಧರಿಸಿ ಕಟ್ಟಿದ ಊರು. ನನಗೆ ಉಸಿರು ಕಟ್ಟಿದ ಹಾಗಾಯಿತು. ವಯಸ್ಸಾದವರನ್ನು ಅಷ್ಟು ದೂರದಿಂದ ಕರೆಸಿಕೊಂಡು ಅದನ್ನು ತೋರಿಸಬೇಕಾ ಅಂತ ಯೋಚನೆ ಮಾಡಿ. ತೆಲ್ಚ್ ನೋಡಿ, ನಿಮಗೆ ಹತ್ತಿರ, ನೋಡಲು ಚೆಂದ.

ಝ್ಲೀನ್ ಲೆತ್ನಾ:

ನಾನು ದಾವಣಗೆರೆಯವನು. ಐದು ವರ್ಷದಿಂದ ಝ್ಲೀನ್‌ನಲ್ಲೇ ಇದ್ದೇನೆ. ಇಲ್ಲಿನ ಯೂನಿವರ್ಸಿಟಿಯಲ್ಲಿ ರಬ್ಬರ್ ಮೇಲೆ ಸಂಶೋಧನೆ ಮಾಡುತ್ತೇನೆ. ಮೇಲಿನವರು ಹೇಳಿದ ಕೆಂಪು ಇಟ್ಟಿಗೆ ಡಬ್ಬಿಗಳಲ್ಲಿ ಒಂದರ ಅರ್ಧ ಭಾಗದಲ್ಲಿ ನನ್ನ ಬಾಡಿಗೆ ವಾಸ. ಲೆತ್ನಾ ಅನ್ನುವ ಬಡಾವಣೆ, ಗುಡ್ಡದ ಇಳಿಜಾರು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲಿಗೆ ನಿಮ್ಮ ಪ್ರಶ್ನೆಗೆ ಉತ್ತರ: ಕರೆದುಕೊಂಡು ಬನ್ನಿ. ಖಂಡಿತ ಬನ್ನಿ. ಬೇರೆ ಯಾರೇ ಕೇಳಿದ್ದರೂ ನಾನು ಎರಡು ಸಲ ಯೋಚನೆ ಮಾಡುತ್ತಿದ್ದೆ. ಆದರೆ ನಿಮ್ಮ ತಂದೆಯವರು 29 ವರ್ಷ ಮಾಡಿದ ಕೆಲಸದ ಬೇರು ಈ ಊರಲ್ಲಿದೆ. ಪ್ರಾಗ್‌ನಲ್ಲಿ ಅವರು ಪ್ರವಾಸಿ. ಇಲ್ಲಿ ಹಾಗಲ್ಲ.

ಇಲ್ಲಿಯವರು ಬಾಟಾ ಅನ್ನುವುದಿಲ್ಲ, ಬಾತ್ಯ ಅನ್ನುತ್ತಾರೆ. ನಾನು ನಮ್ಮ ರೂಢಿಯಂತೆ ಬಾಟಾ ಅಂತಲೇ ಬರೆಯುತ್ತೇನೆ.

ಊರು ಹಳೆಯದು. 1322ರಲ್ಲೇ ದಾಖಲೆಯಲ್ಲಿ ಹೆಸರು ಬರುತ್ತದೆ. ಆದರೆ ಐನೂರು ಆರುನೂರು ವರ್ಷ ಅದು ದ್ರೆವ್ನಿತ್ಸೆ ಹೊಳೆಯ ಪಕ್ಕದಲ್ಲಿ ಸುಮ್ನೆ ಕೂತಿದ್ದ ಸಣ್ಣ ಪೇಟೆ. 19ನೇ ಶತಮಾನ ಮುಗಿಯುವಾಗಲೂ ಜನಸಂಖ್ಯೆ ಮೂರು ಸಾವಿರದ ಆಸುಪಾಸು. ಈಗ 75 ಸಾವಿರದ ಹತ್ತಿರ. ನಮ್ಮ ಶಿರಸಿಗಿಂತ ಸ್ವಲ್ಪ ದೊಡ್ಡದು ಅಂದುಕೊಳ್ಳಿ.

1894ರಲ್ಲಿ ಇಲ್ಲಿ ಮೂವರು ಒಡಹುಟ್ಟಿದವರು ಸೇರಿ ಶೂ ಹೊಲಿಯುವ ಕಂಪನಿ ಶುರು ಮಾಡಿದರು. ಆಂಟೊನೀನ್, ಆನಾ, ತೊಮಾಶ್. ತೊಮಾಶ್‌ಗೆ ಆಗ ಹದಿನೆಂಟು. ತಲೆಮಾರುಗಳಿಂದ ಚಪ್ಪಲಿ ಹೊಲಿದು ಬದುಕಿದ ಮನೆತನ. ಒಂದೇ ವರ್ಷದಲ್ಲಿ ಸಾಲ ಕುತ್ತಿಗೆಗೆ ಬಂತು. ಚರ್ಮ ಕೊಳ್ಳಲು ದುಡ್ಡಿಲ್ಲ. ಕ್ಯಾನ್ವಾಸ್ ಬಟ್ಟೆ ಅಗ್ಗವಾಗಿ ಸಿಗುತ್ತಿತ್ತು. ಹಾಗಾಗಿ ಬಟ್ಟೆಯಲ್ಲಿ ಶೂ ಮಾಡಿದರು. ಅದೇ ಅವರನ್ನು ಉಳಿಸಿತು. ನಮ್ಮ ಶಾಲೆಯಲ್ಲಿ ಶನಿವಾರ ಪಿಟಿಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು ಹೋಗುತ್ತಿದ್ದೆವು, ಹಿಂದಿನ ರಾತ್ರಿ ಅದಕ್ಕೆ ಬಿಳಿ ಬಳಿದು ಒಣಗಲು ಇಡುತ್ತಿದ್ದೆವು, ನೆನಪಿದೆಯಲ್ವಾ? ಈ ಕಥೆಯನ್ನು ಇಲ್ಲಿನ ಮ್ಯೂಸಿಯಂನಲ್ಲಿ ಮೊದಲ ಸಲ ಓದಿದಾಗ ನನಗೆ ಆ ಒದ್ದೆ ಬಿಳಿಯ ವಾಸನೆಯೇ ಮೂಗಿಗೆ ಬಂತು.

1904ರಲ್ಲಿ ತೊಮಾಶ್ ಅಮೆರಿಕಕ್ಕೆ ಹೋದ. ಮ್ಯಾಸಚುಸೆಟ್ಸ್‌ನ ಲಿನ್ ಆಗ ಶೂ ಫ್ಯಾಕ್ಟರಿಗಳ ಊರು. ಅಲ್ಲಿ ಕೂಲಿಯಾಗಿ ಕೆಲಸ ಮಾಡಿ ಯಂತ್ರಗಳನ್ನು ನೋಡಿಕೊಂಡು ಬಂದ. ಮೊದಲ ಮಹಾಯುದ್ಧದಲ್ಲಿ ಸೈನ್ಯದ ಬೂಟುಗಳ ಆರ್ಡರ್ ಸಿಕ್ಕಿ ಕಂಪನಿ ಬೆಳೆಯಿತು. ಯುದ್ಧ ಮುಗಿದ ಮೇಲೆ ಬಿತ್ತು.

1922ರ ಕಥೆಯನ್ನು ನಿಮ್ಮ ತಂದೆಯವರಿಗೆ ಹೇಳಲೇಬೇಕು. ಅಂಗಡಿಯಲ್ಲಿ ಸರಕು ಮಾರಿದವರಿಗೆ ಅದರ ಬೆಲೆ ಗೊತ್ತಿರುತ್ತದೆ. ಆ ವರ್ಷ ಇಲ್ಲಿನ ದುಡ್ಡಿನ ಬೆಲೆ ಏರಿತ್ತು. ಹೊರದೇಶದವರು ಕೊಳ್ಳುವುದು ನಿಲ್ಲಿಸಿದರು. ಊರಿನವರ ಕೈಯಲ್ಲೂ ಕಾಸಿಲ್ಲ. ಗೋದಾಮಿನ ತುಂಬಾ ಶೂ. ಎಲ್ಲರೂ ಕೆಲಸಗಾರರನ್ನು ಮನೆಗೆ ಕಳಿಸುತ್ತಿದ್ದರು. ತೊಮಾಶ್ ಬಾಟಾ ಶೂಗಳ ಬೆಲೆಯನ್ನು ಒಂದೇ ಸಲಕ್ಕೆ ಅರ್ಧ ಮಾಡಿದ. ಕೆಲಸಗಾರರ ಸಂಬಳ ಶೇಕಡ 40 ಕಡಿಮೆ ಮಾಡಿದ. ಅದಕ್ಕೆ ಬದಲಾಗಿ ಊಟದ ಸಾಮಾನು, ಬಟ್ಟೆಗಳನ್ನು ಕಂಪನಿಯ ಅಂಗಡಿಯಿಂದ ಅರ್ಧ ಬೆಲೆಗೆ ಕೊಟ್ಟ. ಜನ ಅಂಗಡಿಗಳ ಮುಂದೆ ಸಾಲು ನಿಂತರು. ಗೋದಾಮು ಖಾಲಿಯಾಯಿತು. ಮರುವರ್ಷ ಅವನೇ ಊರಿನ ಮೇಯರ್.

ಆಮೇಲೆ ಹತ್ತು ಹದಿನೈದು ವರ್ಷದಲ್ಲಿ ನಡೆದದ್ದೇ ಇವತ್ತಿನ ಝ್ಲೀನ್. ಕೆಲಸಗಾರರಿಗೆ ಮನೆ, 1925ರಲ್ಲಿ ಹುಡುಗರಿಗೆ ಕೆಲಸ ಕಲಿಸುವ ಶಾಲೆ, 1927ರಲ್ಲಿ ಆಸ್ಪತ್ರೆ, 1932ರಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಜನ ಕೂರುವ ಸಿನಿಮಾ ಮಂದಿರ. ಫ್ರಾಂತಿಶೆಕ್ ಗಹುರಾ, ವ್ಲಾದಿಮೀರ್ ಕಾರ್ಫೀಕ್ ಅನ್ನುವ ಇಬ್ಬರು ವಾಸ್ತುಶಿಲ್ಪಿಗಳ ಕೆಲಸ ಇದರಲ್ಲಿ ದೊಡ್ಡದು. ಅವರು ಒಂದು ಅಳತೆ ಹಿಡಿದಿದ್ದರು: 6.15 ಮೀಟರ್. ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಅಷ್ಟೇ ದೂರ. ಫ್ಯಾಕ್ಟರಿಗೂ ಅದೇ ಅಳತೆ, ಆಫೀಸು, ಅಂಗಡಿಗಳಿಗೂ ಅದೇ. ಕಾಂಕ್ರೀಟಿನ ಕಂಬ, ನಡುವೆ ಕೆಂಪು ಇಟ್ಟಿಗೆ, ಉಳಿದದ್ದೆಲ್ಲ ಗಾಜು. ಅಚ್ಚು ಒಂದೇ ಆದ್ದರಿಂದ ಕೆಲಸ ಬೇಗ ಮುಗಿಯುತ್ತಿತ್ತು, ಖರ್ಚು ಕಡಿಮೆ. ನಮ್ಮ ಕಡೆ ಮೇಸ್ತ್ರಿಗಳು ಅಂಕಣದ ಲೆಕ್ಕದಲ್ಲಿ ಮನೆ ಹೇಳುತ್ತಿದ್ದರಲ್ಲ, ಹಾಗೆ ಇಡೀ ಊರನ್ನೇ ಅಂಕಣದ ಲೆಕ್ಕದಲ್ಲಿ ಕಟ್ಟಿದ್ದಾರೆ. ಊರಲ್ಲಿ ನಡೆಯುತ್ತಾ ಹೋದರೆ ಸ್ವಲ್ಪ ದಿನಕ್ಕೆ ನಿಮ್ಮ ಹೆಜ್ಜೆಗೂ ಆ ಅಳತೆ ಗೊತ್ತಾಗುತ್ತದೆ.

ಫ್ಯಾಕ್ಟರಿ ಕಟ್ಟಡಗಳಿಗೆ ಹೆಸರಿಲ್ಲ, ನಂಬರ್ ಮಾತ್ರ. ಮೊದಲ ಅಂಕಿ ಸಾಲು, ಎರಡನೆಯದು ಆ ಸಾಲಿನಲ್ಲಿ ಎಷ್ಟನೆಯದು. ಎಲ್ಲಕ್ಕಿಂತ ಎತ್ತರದ್ದು 21. ಕಾರ್ಫೀಕ್ ಕಟ್ಟಿದ್ದು, 1938ರಲ್ಲಿ ಮುಗಿಯಿತು, 77.5 ಮೀಟರ್. ಆ ಕಾಲಕ್ಕೆ ಯುರೋಪಿನಲ್ಲೇ ಎತ್ತರದ ಕಟ್ಟಡಗಳಲ್ಲಿ ಒಂದು. ಅದರೊಳಗೆ ಲಿಫ್ಟಿನಲ್ಲೇ ಒಂದು ಆಫೀಸಿದೆ. ಮೇಜು, ಕುರ್ಚಿ, ಟೆಲಿಫೋನು, ಕೈ ತೊಳೆಯಲು ನಲ್ಲಿ ಬೇಸಿನ್ ಎಲ್ಲ ಇರುವ ಪೂರ್ತಿ ಕೋಣೆ. ಕೋಣೆಯೇ ಮಹಡಿಯಿಂದ ಮಹಡಿಗೆ ಹೋಗುತ್ತದೆ. ಯಜಮಾನ ಕೂತಲ್ಲಿಂದ ಏಳದೆ ಪ್ರತಿ ವಿಭಾಗಕ್ಕೂ ಹೋಗಬಹುದಿತ್ತು. ಆದರೆ ಅದನ್ನು ಕಟ್ಟಿಸಿದ್ದು ತೊಮಾಶ್ ಅಲ್ಲ, ಅವನ ಮಲತಮ್ಮ ಯಾನ್ ಆಂಟೊನೀನ್. ಅವನಿಗೂ ಅದನ್ನು ಬಳಸಲು ಹೆಚ್ಚು ದಿನ ಸಿಗಲಿಲ್ಲ. 1939ರಲ್ಲಿ ಜರ್ಮನ್ನರು ಬಂದರು, ಅವನು ದೇಶ ಬಿಟ್ಟ. ಕೊನೆಗೆ ಬ್ರೆಜಿಲ್ ಸೇರಿದ.

ತೊಮಾಶ್ ಅಷ್ಟರಲ್ಲಿ ತೀರಿಹೋಗಿದ್ದ. 1932ರ ಜುಲೈ 12, ಬೆಳಗಿನ ಜಾವ. ಪಕ್ಕದ ಓಟ್ರೋಕೊವಿತ್ಸೆಯಲ್ಲಿ ಕಂಪನಿಯ ವಿಮಾನ ನಿಲ್ದಾಣ. ದಟ್ಟ ಮಂಜು. ಸ್ವಿಟ್ಜರ್‌ಲ್ಯಾಂಡಿಗೆ ಹೊರಟಿದ್ದ. ವಿಮಾನ ಮೇಲೆದ್ದ ಸ್ವಲ್ಪ ಹೊತ್ತಿಗೇ ಬಿತ್ತು. ಪೈಲಟ್ ಯಿಂದ್ರಿಖ್ ಬ್ರೌಚೆಕ್ ಕೂಡ ಜೊತೆಗೇ ಹೋದರು. ಇಬ್ಬರ ಸಮಾಧಿಯೂ ಊರಿನ ಕಾಡು ಸ್ಮಶಾನದಲ್ಲಿ ಅಕ್ಕಪಕ್ಕ ಇದೆ. ಮರಗಳನ್ನು ಹಾಗೇ ಬಿಟ್ಟು ನಡುವೆ ಸಮಾಧಿ ಮಾಡಿರುವ ಜಾಗ ಅದು. ಚಳಿಗಾಲ ಬರುವ ಮುಂಚೆ ಈ ಕಣಿವೆಯಲ್ಲಿ ಮಂಜು ಇಳಿಯುವುದನ್ನು ನಾನು ಕಿಟಕಿಯಿಂದ ನೋಡುತ್ತೇನೆ. ಎದುರು ಮನೆಯ ಚಾವಣಿ ಕಾಣುವುದಿಲ್ಲ. ಪ್ರತಿ ಸಲ ಆ ಬೆಳಗಿನ ನೆನಪು ಬರುತ್ತದೆ.

ಅವನ ನೆನಪಿಗೆ ಗಹುರಾ 1933ರಲ್ಲಿ ಒಂದು ಸ್ಮಾರಕ ಕಟ್ಟಿದ. ಅದೇ ಕಂಬ, ಅದೇ ಅಂಕಣ. ಆದರೆ ಇಟ್ಟಿಗೆ ತೆಗೆದು ಬರೀ ಗಾಜು ಉಳಿಸಿದ. ಒಳಗೆ ಅವನು ಬಿದ್ದ ಥರದ ವಿಮಾನ ತೂಗು ಹಾಕಿದ್ದರು. ಕಮ್ಯುನಿಸ್ಟರ ಕಾಲದಲ್ಲಿ ಅದನ್ನೆಲ್ಲ ತೆಗೆದು, ಒಳಗೆ ಗೋಡೆ ಎಬ್ಬಿಸಿ, ಕಲಾಭವನ ಮಾಡಿದರು. 2019ರಲ್ಲಿ ಮತ್ತೆ ಮೊದಲಿನ ಹಾಗೇ ಮಾಡಿ ಬಾಗಿಲು ತೆರೆದಿದ್ದಾರೆ. ಯುಂಕರ್ಸ್ ವಿಮಾನದ ಪ್ರತಿಕೃತಿಯೂ ಇದೆ. ಊರಲ್ಲಿ ಒಂದೇ ಜಾಗ ನೋಡಿ ಅಂದರೆ ನಾನು ಇದನ್ನು ಹೇಳುತ್ತೇನೆ. ಸಂಜೆ ಹೊತ್ತು ಹೋಗಿ. ಬೆಳಕು ಗೋಡೆ ತುಂಬಾ ಇರುತ್ತದೆ, ಏಕೆಂದರೆ ಗೋಡೆಯೇ ಇಲ್ಲ.

ಪಯಣಿಗ82 ಹೇಳಿದ ಉಸಿರು ಕಟ್ಟುವ ಮಾತು ಸುಳ್ಳಲ್ಲ. ಮನೆ ಕೆಲಸದ ಜೊತೆ ಅಂಟಿಕೊಂಡಿತ್ತು. ಕೆಲಸ ಹೋದರೆ ಮನೆಯೂ ಹೋಗುತ್ತಿತ್ತು. ಕಾರ್ಮಿಕ ಸಂಘಕ್ಕೆ ಕಂಪನಿ ಜಾಗ ಕೊಡಲಿಲ್ಲ. ಫ್ಯಾಕ್ಟರಿ ಗೋಡೆಯ ಮೇಲೆ "ದಿನಕ್ಕೆ 86,400 ಸೆಕೆಂಡು" ಅಂತ ದೊಡ್ಡದಾಗಿ ಬರೆಸಿದ್ದರು. ಅದನ್ನು ಓದಿಕೊಂಡೇ ಒಳಗೆ ಹೋಗಬೇಕಾದವನ ಎದೆ ಹೇಗಿರುತ್ತದೆ ಅಂತ ನನಗೂ ಅನ್ನಿಸುತ್ತದೆ. ನನ್ನ ಅಜ್ಜ ದಾವಣಗೆರೆಯಲ್ಲಿ ಹತ್ತಿ ಮಿಲ್ಲಿನ ಕೆಲಸಗಾರ. ಸೈರನ್ನಿನ ಜೊತೆ ಎದ್ದು ಸೈರನ್ನಿನ ಜೊತೆ ಮಲಗಿದವರು. ಆದರೆ ಅಜ್ಜನಿಗೆ ಮಿಲ್ಲು ತೋಟ ಇರುವ ಮನೆ ಕೊಡಲಿಲ್ಲ. ಇಲ್ಲಿ ಕೊಟ್ಟರು. 1930ರಲ್ಲೇ ವಾರಕ್ಕೆ ಐದು ದಿನ ಕೆಲಸ ತಂದರು. ಎರಡೂ ಒಟ್ಟಿಗೇ ಇದ್ದವು. ನಾನು ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಹೇಳಲಾರೆ.

ನನ್ನ ಮನೆ ಬಗ್ಗೆಯೂ ಹೇಳುತ್ತೇನೆ. ಕೆಳಗೆ ಒಂದು ಕೋಣೆ, ಪುಟ್ಟ ಅಡುಗೆ ಜಾಗ, ಬಚ್ಚಲು. ಮರದ ಮೆಟ್ಟಿಲು, ಮೇಲೆ ಮಲಗುವ ಕೋಣೆ. ಅಷ್ಟೇ. ಚಾವಣಿ ಚಪ್ಪಟೆ. ಹೊರಗೆ ಹುಲ್ಲು, ಸೇಬಿನ ಮರ. ಮೊದಲಿಗೆ ಮನೆಗಳ ನಡುವೆ ಬೇಲಿ ಹಾಕುವ ಹಾಗಿರಲಿಲ್ಲ. ಈಗಲೂ ಎಷ್ಟೋ ಕಡೆ ಇಲ್ಲ. ನನ್ನ ಪಕ್ಕದ ಮನೆಯ ಅಜ್ಜಿ ಸೇಬು ಬಿದ್ದರೆ ಯಾರ ಮರದ್ದು ಅಂತ ನೋಡುವುದಿಲ್ಲ, ಬುಟ್ಟಿಗೆ ಹಾಕಿ ನನ್ನ ಬಾಗಿಲಲ್ಲಿ ಇಟ್ಟು ಹೋಗುತ್ತಾರೆ. ಅವರ ಜನ್ಮಪತ್ರದಲ್ಲಿ ಊರಿನ ಹೆಸರು ಝ್ಲೀನ್ ಅಲ್ಲ, ಗೊಟ್ವಾಲ್ಡೋವ್.

ಯಾಕೆಂದರೆ 1949ರಿಂದ 1989ರ ಕೊನೆಯವರೆಗೆ ಊರಿನ ಹೆಸರೇ ಅದು. ಕಮ್ಯುನಿಸ್ಟ್ ನಾಯಕ ಕ್ಲೆಮೆಂಟ್ ಗೊಟ್ವಾಲ್ಡ್ ಹೆಸರು. ಅದಕ್ಕೆ ಮೊದಲೇ, 1944ರ ನವೆಂಬರ್ 20ರಂದು ಅಮೆರಿಕದ ವಿಮಾನಗಳು ಬಾಂಬ್ ಹಾಕಿ ಫ್ಯಾಕ್ಟರಿಯ ದೊಡ್ಡ ಭಾಗ ಹಾಳಾಗಿತ್ತು. 1945ರಲ್ಲಿ ಸರ್ಕಾರ ಕಂಪನಿಯನ್ನು ತನ್ನದಾಗಿಸಿಕೊಂಡಿತು, ಮುಂದೆ ಸ್ವಿಟ್ ಅಂತ ಹೆಸರಿಟ್ಟಿತು. ಶೂ ಹೊಲಿಗೆ ನಿಲ್ಲಲಿಲ್ಲ, ಆದರೆ ಬಾಟಾ ಅನ್ನುವ ಮಾತನ್ನು ಊರಿಂದ ಅಳಿಸಲು ನೋಡಿದರು. ನಲವತ್ತು ವರ್ಷ. ನಾವು ಶಿವಮೊಗ್ಗದಲ್ಲಿ, ದಾವಣಗೆರೆಯಲ್ಲಿ ಅಂಗಡಿಯ ಮೇಲೆ ಕೆಂಪು ಅಕ್ಷರದಲ್ಲಿ ದಿನಾ ಓದುತ್ತಿದ್ದ ಹೆಸರು ಅದು ಹುಟ್ಟಿದ ಊರಿನಲ್ಲೇ ಇರಲಿಲ್ಲ.

1989ರ ಡಿಸೆಂಬರ್‌ನಲ್ಲಿ ತೊಮಾಶ್‌ನ ಮಗ ಕೆನಡಾದಿಂದ ಬಂದ. ಅವನ ಹೆಸರೂ ತೊಮಾಶ್. 1939ರಲ್ಲಿ ಬಿಟ್ಟು ಹೋಗಿದ್ದ ಯುವಕ, ಬರುವಾಗ 75 ವರ್ಷ. ಊರಿಗೆ ಊರೇ ಬೀದಿಗೆ ಬಂತಂತೆ. ಪಕ್ಕದ ಮನೆ ಅಜ್ಜಿ ಆ ಜನಜಂಗುಳಿಯಲ್ಲಿ ಇದ್ದರು. ನನಗೆ ಬರುವ ಅರೆಬರೆ ಚೆಕ್‌ನಲ್ಲಿ ಕೇಳಿದ್ದೇನೆ, ಹೇಗಿತ್ತು ಅಂತ. "ಚಳಿ ಇತ್ತು, ಯಾರಿಗೂ ಗೊತ್ತಾಗಲಿಲ್ಲ" ಅಂದರು. 1990ರ ಜನವರಿ 1ಕ್ಕೆ ಊರಿಗೆ ಹಳೆ ಹೆಸರು ಮರಳಿತು.

ಈಗ ಇಲ್ಲಿ ಹಿಂದಿನ ಹಾಗೆ ಶೂ ಫ್ಯಾಕ್ಟರಿ ಇಲ್ಲ. ಮಾರುಕಟ್ಟೆ ತೆರೆದುಕೊಂಡ ಮೇಲೆ ಸ್ವಿಟ್ ಸೊರಗಿ ನಿಂತೇ ಹೋಯಿತು. ಆದರೆ ಕಟ್ಟಡಗಳನ್ನು ಊರು ಕೆಡವಲಿಲ್ಲ. 21ರಲ್ಲಿ ಜಿಲ್ಲಾಡಳಿತದ ಥರ ಪ್ರಾಂತ್ಯದ ಆಫೀಸು. 14 ಮತ್ತು 15ರಲ್ಲಿ ಮ್ಯೂಸಿಯಂ, ಲೈಬ್ರರಿ, ಚಿತ್ರಶಾಲೆ. ಉಳಿದವುಗಳಲ್ಲಿ ಸಣ್ಣ ಕಂಪನಿಗಳು, ಮನೆಗಳು. ನನ್ನ ಊರಿನ ಮಿಲ್ಲುಗಳು ಮುಚ್ಚಿದ ಮೇಲೆ ಏನಾದವು ಅಂತ ನಾನು ಕಣ್ಣಾರೆ ಕಂಡವನು. ಹಾಗಾಗಿ ದಿನಾ ಬೆಳಿಗ್ಗೆ ಆ ಫ್ಯಾಕ್ಟರಿ ಅಂಗಳ ದಾಟುವಾಗ, ಹಳೇ ಕಿಟಕಿಗಳಲ್ಲಿ ದೀಪ ಉರಿಯುವುದನ್ನು ನೋಡಿದರೆ ನನಗೆ ಸಂತೋಷ ಆಗುತ್ತದೆ.

ಜನ ಹೇಗೆ ಅಂತ ಕೇಳಿದರೆ, ಮಾತು ಕಡಿಮೆ, ಸಮಯ ಅಂದರೆ ಸಮಯ. ಆರು ಗಂಟೆಗೇ ಟ್ರಾಲಿಬಸ್ ತುಂಬಿರುತ್ತದೆ. ಒಮ್ಮೆ ಪರಿಚಯ ಆಯಿತು ಅಂದರೆ ಮನೆಯಲ್ಲಿ ಮಾಡಿದ ಪ್ಲಮ್ ಹಣ್ಣಿನ ಜಾಮ್ ಬಾಟಲಿ ಬರಲು ಶುರು.

ಹೂಗ್ಲಿ ದಂಡೆ:

ಲೆತ್ನಾದವರು ಬರೆದದ್ದು ಓದುತ್ತಿದ್ದರೆ ನನ್ನ ಬಾಲ್ಯ ಎದುರಿಗೆ ಬಂತು. ನಮ್ಮದು ಉಡುಪಿ ಕಡೆ. ತಂದೆಯ ಕೆಲಸದ ಕಾರಣಕ್ಕೆ ನಾನು ಹತ್ತನೇ ತರಗತಿವರೆಗೆ ಕೋಲ್ಕತ್ತಾ ಹತ್ತಿರದ ಬಾಟಾನಗರದಲ್ಲಿ ಬೆಳೆದೆ. 1930ರ ದಶಕದಲ್ಲಿ ಹೂಗ್ಲಿ ನದಿ ದಂಡೆಯಲ್ಲಿ ಬಾಟಾದವರು ಕಟ್ಟಿದ ಊರು. ಫ್ಯಾಕ್ಟರಿ, ಕ್ವಾರ್ಟರ್ಸ್, ಆಟದ ಬಯಲು, ಶಾಲೆ. ನಾವು ಅದನ್ನು ಬಂಗಾಳದ ಊರು ಅಂತಲೇ ಅಂದುಕೊಂಡಿದ್ದೆವು. ದೊಡ್ಡವನಾದ ಮೇಲೆ ಝ್ಲೀನ್‌ನ ಫೋಟೋ ನೋಡಿದೆ. ಅದೇ ಕಟ್ಟಡ! ಅದೇ ಇಟ್ಟಿಗೆ, ಅದೇ ಉದ್ದ ಕಿಟಕಿ. ಹಿಂದೆ ಮಾತ್ರ ತೆಂಗಿನ ಮರದ ಬದಲು ಗುಡ್ಡ.

ಇಂಥ ಊರುಗಳು ಇನ್ನೂ ಇವೆ. ಇಂಗ್ಲೆಂಡಿನ ಈಸ್ಟ್ ಟಿಲ್ಬರಿ, ಸ್ವಿಟ್ಜರ್‌ಲ್ಯಾಂಡಿನ ಮ್ಯೋಲಿನ್, ಕ್ರೊಯೇಷಿಯಾದ ಬೊರೊವೊ, ಕೆನಡಾದ ಬಾಟಾವಾ. ಎಲ್ಲವೂ ಝ್ಲೀನ್ ಮರದ ಕಸಿ ಗಿಡಗಳು. ಬಾಟಾನಗರದಲ್ಲಿ ಹಳೇ ಕಾಲೊನಿಯ ಎಷ್ಟೋ ಜಾಗದಲ್ಲಿ ಈಗ ಎತ್ತರದ ಅಪಾರ್ಟ್‌ಮೆಂಟ್ ಎದ್ದಿವೆ. ತಾಯಿ ಬೇರು ಇನ್ನೂ ಹಾಗೇ ಇದೆ ಅಂತ ತಿಳಿದು ಸಮಾಧಾನ ಆಯಿತು. ತಂದೆಯವರನ್ನು ಕರೆದುಕೊಂಡು ಹೋಗಿ.

ರಂಗದ ಹಿಂದೆ:

ಇಲ್ಲಿ ಒಂದು ಮಾತು ಸೇರಿಸಲೇಬೇಕು. ನಾಟಕಕಾರ ಟಾಮ್ ಸ್ಟಾಪರ್ಡ್ ಹುಟ್ಟಿದ್ದು ಝ್ಲೀನ್‌ನಲ್ಲಿ, 1937ರಲ್ಲಿ. ಆಗಿನ ಹೆಸರು ತೊಮಾಶ್ ಸ್ಟ್ರಾಯ್ಸ್ಲರ್. ತಂದೆ ಬಾಟಾ ಆಸ್ಪತ್ರೆಯಲ್ಲಿ ಡಾಕ್ಟರ್. ಯಹೂದಿ ಕುಟುಂಬ. ಜರ್ಮನ್ನರು ಬಂದಾಗ ಕಂಪನಿ ತನ್ನ ಯಹೂದಿ ನೌಕರರನ್ನು ದೂರದ ಶಾಖೆಗಳಿಗೆ ವರ್ಗ ಮಾಡಿ ಕಳಿಸಿತು. ಇವರು ಸಿಂಗಾಪುರಕ್ಕೆ ಹೋದರು. ಅಲ್ಲಿಗೆ ಜಪಾನೀಯರು ಬಂದರು. ತಾಯಿ ಮತ್ತು ಇಬ್ಬರು ಮಕ್ಕಳು ಭಾರತಕ್ಕೆ ಬಂದು ಸೇರಿದರು, ತಂದೆ ಉಳಿಯಲಿಲ್ಲ. ಡಾರ್ಜಿಲಿಂಗ್‌ನಲ್ಲಿ ಹುಡುಗ ಶಾಲೆಗೆ ಹೋದ. ತಾಯಿ ಅಲ್ಲಿನ ಬಾಟಾ ಅಂಗಡಿ ನೋಡಿಕೊಳ್ಳುತ್ತಿದ್ದರು. ಝ್ಲೀನ್‌ನ ಡಾಕ್ಟರ ಹೆಂಡತಿ ನಮ್ಮ ದೇಶದ ಬಾಟಾ ಅಂಗಡಿಯಲ್ಲಿ! ನಿಮ್ಮ ತಂದೆಯವರು ಮಾಡಿದ್ದೂ ಅದೇ ಕೆಲಸ ಅಲ್ವಾ. ಇದನ್ನೂ ಅವರಿಗೆ ಹೇಳಿ.

ತುಂಗಾತೀರದವಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಓದುತ್ತಾ ಕಣ್ಣು ತುಂಬಿತು. ರಾತ್ರಿ ಫೋನಿನಲ್ಲಿ ಅಪ್ಪನಿಗೆ ಓದಿ ಹೇಳಿದೆ. 1922ರ ಕಥೆ ಅವರಿಗೆ ಮೊದಲೇ ಗೊತ್ತಿತ್ತು! ಕ್ಯಾನ್ವಾಸಿನದು ಗೊತ್ತಿರಲಿಲ್ಲ, ಎರಡು ಸಲ ಓದಿಸಿದರು. ಡಾರ್ಜಿಲಿಂಗ್ ಕಥೆಗೆ "ಆ ಹೆಣ್ಣುಮಗಳು ಗಟ್ಟಿಗಿತ್ತಿ" ಅಂದರು.

ಲೆತ್ನಾ ಸರ್, ಇನ್ನೆರಡು ಕೇಳಬೇಕು. ಅಪ್ಪ ಸಸ್ಯಾಹಾರಿ, ಊಟಕ್ಕೆ ಏನು ಮಾಡುವುದು? ಮತ್ತೆ ಮಂಡಿ ನೋವು ಇರುವವರಿಗೆ ನಡಿಗೆ ಎಷ್ಟು ಆಗುತ್ತದೆ?

ಝ್ಲೀನ್ ಲೆತ್ನಾ:

ಮೇಡಂ, ಬ್ರ್ನೋದಿಂದ ನೇರ ಬಸ್ಸಿದೆ, ಅದೇ ಸುಲಭ. ರೈಲಾದರೆ ಓಟ್ರೋಕೊವಿತ್ಸೆಯಲ್ಲಿ ಇಳಿದು ಬೇರೆ ಗಾಡಿ ಹತ್ತಬೇಕು. ಸೋಮವಾರ ಬರಬೇಡಿ, ಮ್ಯೂಸಿಯಂ ಇರುವುದಿಲ್ಲ.

ಮೊದಲು 14ನೇ ಕಟ್ಟಡದ ಮ್ಯೂಸಿಯಂ. ಒಳಗೆ ಲಿಫ್ಟ್ ಇದೆ, ನೆಲ ಸಮ. ಅಲ್ಲಿ ಅವಸರ ಮಾಡಬೇಡಿ, ಅರ್ಧ ದಿನ ಬಿಡಿ. ಹಳೇ ಹೊಲಿಗೆ ಯಂತ್ರಗಳು, ಬೇರೆ ಬೇರೆ ದೇಶದ ಪಾದರಕ್ಷೆಗಳು, ಹಳೇ ಜಾಹೀರಾತುಗಳು ಎಲ್ಲ ಇವೆ. ಅಲ್ಲಿಂದ 21 ಹತ್ತಿರ. ಬಾಗಿಲಿಲ್ಲದೆ ನಿಲ್ಲದೆ ಸುತ್ತುವ ಹಳೇ ಕಾಲದ ಲಿಫ್ಟೊಂದು ಅಲ್ಲಿದೆ, ಮಂಡಿ ನೋವಿರುವವರು ಅದಕ್ಕೆ ಕಾಲಿಡಬಾರದು. ಮಾಮೂಲಿ ಲಿಫ್ಟಿನಲ್ಲಿ ಮೇಲಿನ ತಾರಸಿಗೆ ಹೋಗಿ. ಅಲ್ಲಿಂದ ಮನೆಗಳ ಸಾಲು ಗುಡ್ಡ ಹತ್ತಿ ಹೋಗುವುದು ಕಾಣುತ್ತದೆ. ಹಾಗಾಗಿ ಲೆತ್ನಾ ಏರುವ ಕಷ್ಟ ಬೇಡ. ಸ್ಮಾರಕ ಸ್ವಲ್ಪ ಎತ್ತರದಲ್ಲಿದೆ. ಅದಕ್ಕೆ ಟ್ಯಾಕ್ಸಿ ಮಾಡಿ.

ಊಟಕ್ಕೆ ಹುರಿದ ಚೀಸ್ ಮತ್ತು ಆಲೂಗಡ್ಡೆ ಎಲ್ಲಾ ಹೋಟೆಲಲ್ಲೂ ಸಿಗುತ್ತದೆ. ಹುಳಿ ಎಲೆಕೋಸಿನ ಸೂಪು ಕೇಳಿದರೆ ಅದರಲ್ಲಿ ಮಾಂಸ ಇರಬಹುದು, ವಿಚಾರಿಸಿ. ಫ್ರ್‌ಗಾಲ್ ಅಂತ ಒಂದು ತಿಂಡಿಯಿದೆ, ಈ ಕಡೆಯ ಬೆಟ್ಟದ ಜನರದ್ದು. ಊಟದ ತಟ್ಟೆಯಷ್ಟು ಅಗಲ, ತೆಳು ಹಿಟ್ಟಿನ ಮೇಲೆ ಪೇರ್ ಹಣ್ಣಿನದೋ ಗಸಗಸೆಯದೋ ಹೂರಣ ದಪ್ಪಗೆ ಹಚ್ಚಿ ಸುಟ್ಟಿರುತ್ತಾರೆ. ಗಸಗಸೆಯದು ತಿನ್ನಿಸಿ, ಅವರಿಗೆ ಖಂಡಿತ ಹಿಡಿಸುತ್ತದೆ.

ಇನ್ನೊಂದು. ಓಟಗಾರ ಎಮಿಲ್ ಝಾಟೊಪೆಕ್ ಹೆಸರು ಅವರು ಕೇಳಿರಬಹುದು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5,000, 10,000 ಮೀಟರ್ ಮತ್ತು ಮ್ಯಾರಥಾನ್ ಮೂರರಲ್ಲೂ ಚಿನ್ನ ಗೆದ್ದವನು. ಅವನೂ ಇಲ್ಲಿನ ಬಾಟಾ ಫ್ಯಾಕ್ಟರಿ ಹುಡುಗ. ಹದಿನೆಂಟರಲ್ಲಿ ಕೋಚ್ ಬೆರಳು ತೋರಿಸಿ ಓಡು ಅಂದಾಗ, ನನಗೆ ಶಕ್ತಿಯಿಲ್ಲ ಅಂತ ತಪ್ಪಿಸಿಕೊಳ್ಳಲು ನೋಡಿದ್ದ. ಡಾಕ್ಟರ್ ನೋಡಿ ಏನೂ ಆಗಿಲ್ಲ ಅಂದರು. ಓಡಿದ, ನೂರು ಜನರಲ್ಲಿ ಎರಡನೆಯವನಾಗಿ ಬಂದ. ಅಲ್ಲಿಂದಲೇ ಶುರು.

ಬರುವ ದಿನ ತಿಳಿಸಿ. ನಾನು ಬಸ್ ನಿಲ್ದಾಣಕ್ಕೆ ಬರುತ್ತೇನೆ.

ತುಂಗಾತೀರದವಳು:

ಹೋಗಿ ಬಂದೆವು. ಲೆತ್ನಾ ಸರ್ ಬಸ್ ನಿಲ್ದಾಣದಿಂದ ಸಂಜೆವರೆಗೂ ಜೊತೆಗಿದ್ದರು. ಅಪ್ಪ ಮೊದಲು ನೋಡಿದ್ದು ಅವರ ಶೂ. "ಎಡಗಾಲಿನ ಹಿಮ್ಮಡಿ ಹೊರಗಡೆ ಸವೆದಿದೆ, ನೋಡಿಕೊಳ್ಳಿ" ಅಂದರು.

21ರ ತಾರಸಿಯಲ್ಲಿ ಅಪ್ಪ ಮಾತಾಡಲಿಲ್ಲ, ಮನೆಗಳ ಸಾಲು ನೋಡುತ್ತಾ ನಿಂತರು. ಸ್ಮಾರಕದಲ್ಲಿ ವಿಮಾನದ ಕೆಳಗೆ ಚಪ್ಪಲಿ ಬಿಡಬೇಕಾ ಅಂತ ಕೇಳಿದರು. ಬೇಡ ಅಂದೆ. ಆದರೂ ಬಿಟ್ಟು ಕೈ ಮುಗಿದರು. ಕಾವಲಿನ ಹೆಂಗಸು ಏನೂ ಅನ್ನಲಿಲ್ಲ.

ಜಾಸ್ತಿ ಹೊತ್ತು ಕಳೆದದ್ದು ಮ್ಯೂಸಿಯಂನಲ್ಲೇ. ಅಪ್ಪನಿಗೆ ಚೆಕ್ ಒಂದಕ್ಷರ ಓದಲು ಬಾರದು. ಹಳೇ ಜಾಹೀರಾತುಗಳ ಮುಂದೆ ನಿಂತು ಅಂಕಿಗಳನ್ನು ಮಾತ್ರ ಓದುತ್ತಾ ಹೋದರು. 19. 29. 39. 49. ಬೆರಳಿಟ್ಟು ಒಂದೊಂದನ್ನೇ ಎಣಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಎಲ್ಲಾ ಒಂಬತ್ತು" ಅಂದರು. ಮತ್ತೆ ಮೊದಲಿಂದ ಓದಲು ಶುರು ಮಾಡಿದರು.